ಅನಿಮೆ ತೀರ್ಥಯಾತ್ರೆ

ಅನಿಮೆ ತೀರ್ಥಯಾತ್ರೆ ಎಂದರೆ ಜಪಾನಿನ ಅನಿಮೇಷನ್ ಧಾರಾವಾಹಿ ಮತ್ತು ಚಲನಚಿತ್ರಗಳಲ್ಲಿ (ಅನಿಮೆ) ಚಿತ್ರಿತವಾಗಿರುವ ನೈಜ ಸ್ಥಳಗಳನ್ನು ಅಭಿಮಾನಿಗಳು ಹುಡುಕಿಕೊಂಡು ಹೋಗಿ ನೋಡುವ ರೂಢಿ. ಜಪಾನಿ ಭಾಷೆಯಲ್ಲಿ ಇದನ್ನು ಸೇಚಿ ಜುನ್ರೇ ಎಂದು ಕರೆಯುತ್ತಾರೆ. ಹೀಗೆ ಸಂದರ್ಶಿಸಲಾಗುವ ಸ್ಥಳಗಳಲ್ಲಿ ಬಹುಪಾಲು ಪ್ರಸಿದ್ಧ ಪ್ರವಾಸಿ ತಾಣಗಳಲ್ಲ. ರೈಲು ನಿಲ್ದಾಣ, ಹಳೆಯ ಶಾಲೆ, ಊರ ದೇಗುಲ, ಅಂಗಡಿ ಬೀದಿ, ಸೇತುವೆ, ಮೆಟ್ಟಿಲುಸಾಲು ಮುಂತಾದ ದಿನಬಳಕೆಯ ಜಾಗಗಳೇ ಹೆಚ್ಚು. 1990ರ ದಶಕದಲ್ಲಿ ಕೆಲವೇ ಅಭಿಮಾನಿಗಳ ಹವ್ಯಾಸವಾಗಿದ್ದ ಈ ರೂಢಿಯು 2007ರ ನಂತರ ವ್ಯಾಪಕವಾಗಿ ಹಬ್ಬಿತು. ಇಂದು ಅದು ಜಪಾನಿನ ಪ್ರವಾಸೋದ್ಯಮದ ಮತ್ತು ಗ್ರಾಮೀಣ ಪುನಶ್ಚೇತನದ ಚರ್ಚೆಗಳಲ್ಲಿ ಪ್ರಮುಖ ವಿಷಯವಾಗಿದೆ. ಜನಸಂಖ್ಯೆ ಇಳಿಮುಖವಾಗಿರುವ ಸಣ್ಣ ಊರುಗಳಿಗೆ ಈ ಯಾತ್ರಿಕರು ಹೊಸ ಆದಾಯವನ್ನೂ ಸಂಬಂಧಗಳನ್ನೂ ತಂದಿದ್ದಾರೆ. ಕೆಲವೆಡೆ ಜನದಟ್ಟಣೆ ಮತ್ತು ಖಾಸಗಿತನದ ಉಲ್ಲಂಘನೆಗೂ ಕಾರಣರಾಗಿದ್ದಾರೆ.

ಹೆಸರು

ಜಪಾನಿ ಭಾಷೆಯಲ್ಲಿ ಸೇಚಿ ಎಂದರೆ ಪವಿತ್ರ ಸ್ಥಳ, ಜುನ್ರೇ ಎಂದರೆ ಒಂದಾದ ಮೇಲೊಂದು ಪುಣ್ಯಕ್ಷೇತ್ರವನ್ನು ದರ್ಶಿಸುತ್ತಾ ಸಾಗುವ ಯಾತ್ರೆ. ಪಶ್ಚಿಮ ಜಪಾನಿನ 33 ಕನ್ನೋನ್ ಕ್ಷೇತ್ರಗಳ ಬೌದ್ಧ ಯಾತ್ರೆಯಂತಹ ಧಾರ್ಮಿಕ ಸಂಚಾರಕ್ಕೆ ಬಳಕೆಯಲ್ಲಿದ್ದ ಪದವನ್ನು ಅಭಿಮಾನಿಗಳು ಅರ್ಧ ವಿನೋದಕ್ಕೆ, ಅರ್ಧ ಭಕ್ತಿಯಿಂದ ತಮ್ಮ ಪ್ರವಾಸಕ್ಕೆ ಅನ್ವಯಿಸಿಕೊಂಡರು. ಕೃತಿಯಲ್ಲಿ ಕಾಣಿಸಿಕೊಂಡ ಸ್ಥಳವೇ ಇಲ್ಲಿ ‘ಸೇಚಿ’. ಇದೇ ಚಟುವಟಿಕೆಗೆ ಬುತಾಯ್ ತಂಬೋ, ಅಂದರೆ ‘ಕಥಾರಂಗದ ಸಂದರ್ಶನ’ ಎಂಬ ಮತ್ತೊಂದು ಹೆಸರೂ ಇದೆ. ಧಾರ್ಮಿಕ ಛಾಯೆ ಬೇಡವೆನ್ನುವವರು ಈ ಎರಡನೆಯ ಹೆಸರನ್ನು ಬಳಸುತ್ತಾರೆ.

2016ರಲ್ಲಿ ‘ಸೇಚಿ ಜುನ್ರೇ’ ಎಂಬ ಪದವು ಜಪಾನಿನಲ್ಲಿ ಪ್ರತಿವರ್ಷ ಪ್ರಕಟವಾಗುವ ಹೊಸ ಮತ್ತು ಜನಪ್ರಿಯ ಪದಗಳ ಪ್ರಶಸ್ತಿಯ ಮೊದಲ ಹತ್ತು ಪದಗಳಲ್ಲಿ ಸ್ಥಾನ ಪಡೆಯಿತು. ಈಗ ಚಲನಚಿತ್ರ, ಕಾದಂಬರಿ, ಕ್ರೀಡೆ ಮತ್ತು ಸಂಗೀತ ತಂಡಗಳಿಗೆ ಸಂಬಂಧಿಸಿದ ಸ್ಥಳಗಳ ಭೇಟಿಗೂ ಈ ಪದ ಬಳಕೆಯಾಗುತ್ತದೆ.

ಹಿನ್ನೆಲೆ

ಓದಿದ ಅಥವಾ ಕೇಳಿದ ಕೃತಿಯ ನೆನಪಿನಲ್ಲಿ ಸ್ಥಳವೊಂದನ್ನು ಅರಸಿ ಹೋಗುವುದು ಜಪಾನಿನಲ್ಲಿ ಹೊಸದಲ್ಲ. ಪ್ರಾಚೀನ ಜಪಾನಿ ಕಾವ್ಯದಲ್ಲಿ ಪದೇ ಪದೇ ಬರುವ ಸ್ಥಳನಾಮಗಳನ್ನು ಉತಮಾಕುರಾ ಎನ್ನುತ್ತಾರೆ. ನಂತರದ ಕವಿಗಳು ಅಂತಹ ಸ್ಥಳಗಳನ್ನು ಸ್ವತಃ ಕಂಡು ಹಿಂದಿನವರ ಕವಿತೆಗಳಿಗೆ ತಮ್ಮದನ್ನು ಸೇರಿಸುತ್ತಿದ್ದರು. ಹೈಕು ಕವಿ ಮಾತ್ಸುಒ ಬಾಶೋ 1689ರಲ್ಲಿ ಜಪಾನಿನ ಉತ್ತರ ಭಾಗದಲ್ಲಿ ಕೈಗೊಂಡ ಪ್ರವಾಸದಲ್ಲಿಯೂ ಇಂತಹ ಕಾವ್ಯಸ್ಥಳಗಳ ದರ್ಶನಕ್ಕೆ ಮುಖ್ಯ ಸ್ಥಾನವಿತ್ತು. 20ನೆಯ ಶತಮಾನದಲ್ಲಿ ಎನ್‌ಎಚ್‌ಕೆ ವಾಹಿನಿಯು 1963ರಿಂದ ಪ್ರಸಾರ ಮಾಡುತ್ತಿರುವ ವರ್ಷವಿಡೀ ನಡೆಯುವ ಐತಿಹಾಸಿಕ ಧಾರಾವಾಹಿಗಳು ಅವುಗಳ ಕಥೆ ನಡೆಯುವ ಊರುಗಳಿಗೆ ಪ್ರವಾಸಿಗರನ್ನು ಸೆಳೆದವು.

ಅನಿಮೆ ತೀರ್ಥಯಾತ್ರೆಯು ಈ ಪರಂಪರೆಗೆ ಸೇರಿದರೂ ಒಂದು ಮುಖ್ಯ ಅಂಶದಲ್ಲಿ ಭಿನ್ನವಾಗಿದೆ. ಐತಿಹಾಸಿಕ ಧಾರಾವಾಹಿಯ ಊರು ಯಾವುದೆಂದು ಎಲ್ಲರಿಗೂ ತಿಳಿದಿರುತ್ತದೆ. ಅನಿಮೆಯಲ್ಲಿ ಸ್ಥಳದ ನಿಜವಾದ ಹೆಸರನ್ನು ಹೇಳದಿರುವುದು ಅಥವಾ ಬದಲಿಸಿರುವುದು ಸಾಮಾನ್ಯ. ಆದ್ದರಿಂದ ಸ್ಥಳವನ್ನು ಪತ್ತೆ ಹಚ್ಚುವುದೇ ಯಾತ್ರೆಯ ಮೊದಲ ಘಟ್ಟ. ಅನೇಕ ಊರುಗಳಲ್ಲಿ ತಮ್ಮ ಊರು ಅನಿಮೆಯೊಂದರಲ್ಲಿ ಬಂದಿದೆಯೆಂಬ ಸಂಗತಿಯು ನಿವಾಸಿಗಳಿಗೆ ತಿಳಿದದ್ದೇ ಅಭಿಮಾನಿಗಳು ಬಂದ ಮೇಲೆ.

ಅನಿಮೆಯಲ್ಲಿ ನೈಜ ಸ್ಥಳಗಳು

ಅನಿಮೆ ನಿರ್ಮಾಣದಲ್ಲಿ ಪಾತ್ರಗಳನ್ನು ಬಿಡಿಸುವವರು ಬೇರೆ, ಹಿನ್ನೆಲೆಯನ್ನು ಬಿಡಿಸುವವರು ಬೇರೆ. ಹಿನ್ನೆಲೆಗೆ ಆಧಾರ ಬೇಕಾದಾಗ ತಂಡವು ನೈಜ ಸ್ಥಳಕ್ಕೆ ಹೋಗಿ ನೂರಾರು ಛಾಯಾಚಿತ್ರಗಳನ್ನು ತೆಗೆದು ತರುತ್ತದೆ. 1974ರಲ್ಲಿ ಪ್ರಸಾರವಾದ ಹೈಡಿ ಧಾರಾವಾಹಿಗಾಗಿ ಇಸಾವೊ ತಕಾಹಾತಾ ಮತ್ತು ಹಯಾವೊ ಮಿಯಾಝಾಕಿ ಅವರಿದ್ದ ತಂಡವು 1973ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ ಬಂದದ್ದು ಇದರ ಪ್ರಸಿದ್ಧ ಆರಂಭಿಕ ಉದಾಹರಣೆ. ಡಿಜಿಟಲ್ ಕ್ಯಾಮೆರಾ ಮತ್ತು ಗಣಕದಲ್ಲಿ ಚಿತ್ರ ಬಿಡಿಸುವ ಕ್ರಮ ಬಂದ ಮೇಲೆ ಛಾಯಾಚಿತ್ರವನ್ನು ಆಧರಿಸಿ ಹಿನ್ನೆಲೆ ರಚಿಸುವುದು ಇನ್ನಷ್ಟು ಸುಲಭವಾಯಿತು. ಶಾಲಾ ವಿದ್ಯಾರ್ಥಿಗಳ ದೈನಂದಿನ ಬದುಕನ್ನು ಹೇಳುವ ಕಥೆಗಳು ಹೆಚ್ಚಿದಂತೆ ನಂಬಲರ್ಹವಾದ ಬೀದಿ, ತರಗತಿ ಮತ್ತು ನಿಲ್ದಾಣಗಳ ಅಗತ್ಯವೂ ಹೆಚ್ಚಿತು.

ಕ್ಯಾಮೆರಾದಿಂದ ಚಿತ್ರೀಕರಿಸುವ ಚಲನಚಿತ್ರದಲ್ಲಿ ವಿದ್ಯುತ್ ಕಂಬ ಅಥವಾ ಅಂಚೆ ಪೆಟ್ಟಿಗೆ ಆಕಸ್ಮಿಕವಾಗಿ ಸೆರೆಯಾಗಬಹುದು. ಅನಿಮೆಯಲ್ಲಿ ಯಾರೋ ಒಬ್ಬರು ಬಿಡಿಸದೆ ಯಾವ ವಸ್ತುವೂ ಪರದೆಯ ಮೇಲೆ ಬರುವುದಿಲ್ಲ. ಆದ್ದರಿಂದಲೇ ಪರದೆಯ ಮೇಲೆ ಕಂಡ ಅಂಚೆ ಪೆಟ್ಟಿಗೆಯು ನಿಜವಾದ ಬೀದಿಯಲ್ಲಿ ಅದೇ ಜಾಗದಲ್ಲಿ ಕಂಡಾಗ ಅಭಿಮಾನಿಗೆ ವಿಶೇಷ ಸಂತೋಷವಾಗುತ್ತದೆ. ಕಲ್ಪಿತ ಪಾತ್ರಗಳು ಈ ಜಾಗದಲ್ಲಿ ನಡೆದಾಡಿದವು ಎಂಬ ಭಾವನೆಗೆ ಅಂತಹ ಸಣ್ಣ ವಿವರಗಳೇ ಆಧಾರವಾಗುತ್ತವೆ.

ಇತಿಹಾಸ

1992ರಲ್ಲಿ ಪ್ರಸಾರ ಆರಂಭಿಸಿದ ಸೈಲರ್ ಮೂನ್ ಧಾರಾವಾಹಿಯ ಅಭಿಮಾನಿಗಳು ಟೋಕಿಯೋದ ಅಝಾಬು ಪ್ರದೇಶದ ಹಿಕಾವಾ ದೇಗುಲಕ್ಕೆ ಭೇಟಿ ನೀಡುತ್ತಿದ್ದುದನ್ನು ಆರಂಭದ ಉದಾಹರಣೆಯಾಗಿ ಉಲ್ಲೇಖಿಸಲಾಗುತ್ತದೆ. 2002ರ ಒನೆಗಾಯ್ ಟೀಚರ್ ಮತ್ತು 2003ರ ಒನೆಗಾಯ್ ಟ್ವಿನ್ಸ್ ಧಾರಾವಾಹಿಗಳ ಅಭಿಮಾನಿಗಳು ನಾಗಾನೊ ಪ್ರಾಂತದ ಓಮಾಚಿ ನಗರದ ಕಿಝಾಕಿ ಸರೋವರಕ್ಕೆ ಹೋಗತೊಡಗಿದರು. ಅಂತರಜಾಲದ ಮೂಲಕ ಸ್ಥಳಗಳ ಛಾಯಾಚಿತ್ರ ಮತ್ತು ನಕ್ಷೆಗಳನ್ನು ಹಂಚಿಕೊಳ್ಳುವ ಕ್ರಮ ಈ ಅವಧಿಯಲ್ಲಿ ಬೆಳೆಯಿತು. 2006ರ ಸುಝುಮಿಯಾ ಹರುಹಿ ಧಾರಾವಾಹಿಯು ಹ್ಯೋಗೊ ಪ್ರಾಂತದ ನಿಶಿನೊಮಿಯಾ ನಗರವನ್ನು ಅಭಿಮಾನಿಗಳ ನಕ್ಷೆಗೆ ಸೇರಿಸಿತು.

2005ರಲ್ಲಿ ಜಪಾನ್ ಸರ್ಕಾರದ ಇಲಾಖೆಗಳು ಚಲನಚಿತ್ರ, ಧಾರಾವಾಹಿ, ಕಾಮಿಕ್ಸ್ ಮತ್ತು ಆಟಗಳ ಕಥೆಯನ್ನು ಪ್ರವಾಸದ ಆಕರ್ಷಣೆಯಾಗಿ ಬಳಸುವ ಬಗ್ಗೆ ವರದಿಯೊಂದನ್ನು ಹೊರತಂದವು. ಇದಕ್ಕೆ ‘ಕಂಟೆಂಟ್ಸ್ ಟೂರಿಸಂ’ ಎಂಬ ಹೆಸರು ಬಳಕೆಗೆ ಬಂದಿತು. ಆದರೆ ಜನಸಾಮಾನ್ಯರ ಗಮನ ಸೆಳೆದದ್ದು 2007ರ ಲಕ್ಕಿ ಸ್ಟಾರ್ ಧಾರಾವಾಹಿಯ ನಂತರದ ಬೆಳವಣಿಗೆಗಳು. 2016ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಮಕೊತೊ ಶಿಂಕಾಯ್ ಅವರ ಕಿಮಿ ನೊ ನಾ ವಾ (ನಿನ್ನ ಹೆಸರು) ಚಲನಚಿತ್ರದ ಯಶಸ್ಸಿನೊಂದಿಗೆ ಈ ರೂಢಿಯು ಅಭಿಮಾನಿ ವಲಯದ ಹೊರಗೂ, ಜಪಾನಿನ ಹೊರಗೂ ಹಬ್ಬಿತು. ಅದೇ ವರ್ಷ ಅನಿಮೆ ಟೂರಿಸಂ ಅಸೋಸಿಯೇಷನ್ ಸ್ಥಾಪನೆಯಾಯಿತು.

ಯಾತ್ರೆಯ ಸ್ವರೂಪ

ಯಾತ್ರೆಯು ಸಾಮಾನ್ಯವಾಗಿ ಮೂರು ಘಟ್ಟಗಳಲ್ಲಿ ನಡೆಯುತ್ತದೆ. ಮೊದಲನೆಯದು ಪತ್ತೆ. ಹಿನ್ನೆಲೆಯಲ್ಲಿ ಕಾಣುವ ಬೆಟ್ಟದ ಸಾಲು, ರೈಲಿನ ಬಣ್ಣ, ಅಂಗಡಿಯ ಫಲಕದ ಅರ್ಧ ಅಕ್ಷರ ಇಂತಹ ಸುಳಿವುಗಳಿಂದ ಸ್ಥಳವನ್ನು ಗುರುತಿಸಲಾಗುತ್ತದೆ. ಬೀದಿಗಳ ಚಿತ್ರ ತೋರಿಸುವ ಅಂತರಜಾಲದ ನಕ್ಷೆಗಳು ಬಂದ ಮೇಲೆ ಈ ಕೆಲಸವನ್ನು ಮನೆಯಲ್ಲಿ ಕುಳಿತೇ ಮಾಡಬಹುದಾಗಿದೆ. ಎರಡನೆಯದು ಭೇಟಿ. ದೃಶ್ಯವು ಪರದೆಯ ಮೇಲೆ ಯಾವ ಕೋನದಿಂದ ಕಂಡಿತೋ ಅದೇ ಕೋನದಿಂದ, ಅದೇ ಎತ್ತರದಿಂದ, ಸಾಧ್ಯವಾದರೆ ಅದೇ ಋತುವಿನಲ್ಲಿ ಛಾಯಾಚಿತ್ರ ತೆಗೆಯುವುದು ರೂಢಿ. ಮೂರನೆಯದು ದಾಖಲೆ. ಅನಿಮೆಯ ದೃಶ್ಯವನ್ನೂ ತಾವು ತೆಗೆದ ಚಿತ್ರವನ್ನೂ ಅಕ್ಕಪಕ್ಕದಲ್ಲಿಟ್ಟು ಪ್ರಕಟಿಸುವುದರಿಂದ ಮುಂದೆ ಬರುವವರಿಗೆ ಅದೇ ದಾರಿದೀಪವಾಗುತ್ತದೆ.

ಶಿಂತೊ ದೇಗುಲಗಳಲ್ಲಿ ಹರಕೆ ಬರೆದು ತೂಗುಹಾಕುವ ಎಮಾ ಎಂಬ ಮರದ ಹಲಗೆಗಳ ಮೇಲೆ ಅಭಿಮಾನಿಗಳು ಅನಿಮೆ ಪಾತ್ರಗಳನ್ನು ಬಿಡಿಸಿ ತಮ್ಮ ಕೋರಿಕೆಗಳನ್ನು ಬರೆಯುತ್ತಾರೆ. ಇಂತಹ ಹಲಗೆಗಳಿಗೆ ಇತಾ-ಎಮಾ ಎಂಬ ಅಡ್ಡಹೆಸರಿದೆ. ರೈಲು ನಿಲ್ದಾಣ, ಉಪಾಹಾರ ಗೃಹ ಮತ್ತು ಪ್ರವಾಸಿ ಕಚೇರಿಗಳಲ್ಲಿ ಯಾತ್ರಿಕರಿಗಾಗಿ ಟಿಪ್ಪಣಿ ಪುಸ್ತಕಗಳನ್ನು ಇಡಲಾಗುತ್ತದೆ. ಅದರಲ್ಲಿ ಬಂದವರು ತಮ್ಮ ಊರು, ದಿನಾಂಕ, ಅನಿಸಿಕೆ ಮತ್ತು ಚಿತ್ರಗಳನ್ನು ಬಿಟ್ಟುಹೋಗುತ್ತಾರೆ. ಪರಸ್ಪರ ಭೇಟಿಯಾಗದ ಅಭಿಮಾನಿಗಳು ಈ ಪುಸ್ತಕಗಳ ಮೂಲಕ ಸಂಭಾಷಿಸುವುದುಂಟು.

ಪ್ರಮುಖ ನಿದರ್ಶನಗಳು

ವಾಶಿನೊಮಿಯಾ ದೇಗುಲ, ಸೈತಾಮಾ

ಲಕ್ಕಿ ಸ್ಟಾರ್ ಧಾರಾವಾಹಿಯ ಅವಳಿ ಸಹೋದರಿಯರ ತಂದೆ ದೇಗುಲದ ಅರ್ಚಕ. ಆ ದೇಗುಲಕ್ಕೆ ಸೈತಾಮಾ ಪ್ರಾಂತದ ವಾಶಿಮಿಯಾ ಪಟ್ಟಣದ ವಾಶಿನೊಮಿಯಾ ದೇಗುಲವೇ ಮಾದರಿ. 2007ರಲ್ಲಿ ಕ್ಯಾಮೆರಾ ಹಿಡಿದ ಯುವಕರು ಗುಂಪುಗುಂಪಾಗಿ ಬರತೊಡಗಿದಾಗ ಪಟ್ಟಣದ ಜನರಿಗೆ ಕಾರಣವೇ ತಿಳಿಯಲಿಲ್ಲ. ಸ್ಥಳೀಯ ವಾಣಿಜ್ಯ ಸಂಘದವರು ಬಂದವರನ್ನೇ ಮಾತನಾಡಿಸಿ, ಅವರಿಗೇನು ಬೇಕೆಂದು ಕೇಳಿ ತಿಳಿದುಕೊಂಡರು. ನಂತರ ಹಕ್ಕುದಾರರ ಅನುಮತಿ ಪಡೆದು ಎಮಾ ಆಕಾರದ ಮೊಬೈಲ್ ಸರಗಳನ್ನು ಮಾಡಿಸಿದರು. ಇವುಗಳನ್ನು ಒಂದೇ ಮಳಿಗೆಯಲ್ಲಿ ಮಾರದೆ ಪಟ್ಟಣದ ಬೇರೆ ಬೇರೆ ಅಂಗಡಿಗಳಿಗೆ ಹಂಚಿದ್ದರಿಂದ, ದೇಗುಲಕ್ಕೆ ಬಂದವರು ಊರನ್ನೂ ಸುತ್ತಿ ಅಂಗಡಿಯವರ ಪರಿಚಯ ಮಾಡಿಕೊಳ್ಳುವಂತಾಯಿತು.

ಹೊಸ ವರ್ಷದ ಮೊದಲ ಮೂರು ದಿನಗಳಲ್ಲಿ ಈ ದೇಗುಲಕ್ಕೆ ಬರುವವರ ಸಂಖ್ಯೆಯು 2007ರಲ್ಲಿ ಸುಮಾರು 90 ಸಾವಿರವಿದ್ದದ್ದು 2008ರಲ್ಲಿ ಸುಮಾರು 3 ಲಕ್ಷಕ್ಕೂ 2009ರಲ್ಲಿ ಸುಮಾರು 4.2 ಲಕ್ಷಕ್ಕೂ ಏರಿತು. 2008ರಲ್ಲಿ ಪಟ್ಟಣಾಡಳಿತವು ಧಾರಾವಾಹಿಯ ಕುಟುಂಬಕ್ಕೆ ವಿಶೇಷ ನಿವಾಸಿ ಪ್ರಮಾಣಪತ್ರವನ್ನೇ ನೀಡಿತು. ಅದೇ ವರ್ಷದ ಸೆಪ್ಟೆಂಬರ್‌ನ ಊರಹಬ್ಬದಲ್ಲಿ, ಹೆಗಲ ಮೇಲೆ ಹೊರುವ ಮಿಕೋಶಿ ಎಂಬ ಉತ್ಸವದ ಪಲ್ಲಕ್ಕಿಯೊಂದನ್ನು ಲಕ್ಕಿ ಸ್ಟಾರ್ ಪಾತ್ರಗಳ ಚಿತ್ರಗಳಿಂದ ಅಲಂಕರಿಸಲಾಯಿತು. ಅಭಿಮಾನಿಗಳೇ ಅದನ್ನು ಹೊತ್ತರು. ಪಲ್ಲಕ್ಕಿ ಹೊರಲು ಯುವಕರ ಕೊರತೆಯಿರುವ ಊರುಗಳಿಗೆ ಇದೊಂದು ಗಮನಾರ್ಹ ಮಾದರಿಯಾಯಿತು. 2010ರಲ್ಲಿ ವಾಶಿಮಿಯಾ ಪಟ್ಟಣವು ಕುಕಿ ನಗರದಲ್ಲಿ ವಿಲೀನವಾಯಿತು. ಅಭಿಮಾನಿಗಳಿಗೆ ಚಿರಪರಿಚಿತವಾಗಿದ್ದ ದೇಗುಲದ ಮುಂದಿನ ಮರದ ಮಹಾದ್ವಾರ (ತೋರಿ) 2018ರ ಆಗಸ್ಟ್‌ನಲ್ಲಿ ಕುಸಿದುಬಿದ್ದಿತು. 2021ರಲ್ಲಿ ಅದನ್ನು ಮತ್ತೆ ನಿರ್ಮಿಸಲಾಯಿತು.

ತೊಯೊಸಾತೊ ಶಾಲೆ, ಶಿಗಾ

ಶಿಗಾ ಪ್ರಾಂತದ ತೊಯೊಸಾತೊ ಪಟ್ಟಣದ ಹಳೆಯ ಪ್ರಾಥಮಿಕ ಶಾಲೆಯ ಕಟ್ಟಡವು ಅಮೆರಿಕದಲ್ಲಿ ಹುಟ್ಟಿ ಜಪಾನಿನಲ್ಲಿ ನೆಲೆಸಿದ್ದ ವಿಲಿಯಂ ಮೆರೆಲ್ ವೋರಿಸ್ ಅವರ ವಿನ್ಯಾಸದಲ್ಲಿ 1937ರಲ್ಲಿ ಪೂರ್ಣಗೊಂಡಿತು. 2000ದ ದಶಕದ ಆರಂಭದಲ್ಲಿ ಪಟ್ಟಣಾಡಳಿತವು ಇದನ್ನು ಕೆಡವಲು ಹೊರಟಾಗ ನಿವಾಸಿಗಳು ನ್ಯಾಯಾಲಯದ ಮೊರೆಹೋದರು. 2003ರಲ್ಲಿ ಮತದಾರರು ಪಟ್ಟಣದ ಮುಖ್ಯಸ್ಥರನ್ನು ಪದಚ್ಯುತಗೊಳಿಸುವಷ್ಟು ವಿವಾದ ಬೆಳೆಯಿತು. ಕೊನೆಗೆ ಕಟ್ಟಡ ಉಳಿಯಿತು. 2009ರಲ್ಲಿ ಪ್ರಸಾರವಾದ ಕೆ-ಆನ್! ಧಾರಾವಾಹಿಯ ಶಾಲೆಯು ಇದನ್ನೇ ಹೋಲುತ್ತದೆಂದು ಅಭಿಮಾನಿಗಳು ಕಂಡುಕೊಂಡರು. ಮೆಟ್ಟಿಲಿನ ಕೈಪಿಡಿಯ ಮೇಲಿರುವ ಆಮೆ ಮತ್ತು ಮೊಲದ ಕಂಚಿನ ಬೊಂಬೆಗಳು ಮುಖ್ಯ ಸುಳಿವಾದವು. ಧಾರಾವಾಹಿಯ ಹುಡುಗಿಯರು ಚಹಾ ಕುಡಿಯುವ ಸಂಗೀತ ಕೊಠಡಿಯಂತೆಯೇ ಇಲ್ಲಿನ ಕೊಠಡಿಯೊಂದರಲ್ಲಿ ಮೇಜು ಮತ್ತು ಚಹಾ ಬಟ್ಟಲುಗಳನ್ನು ಜೋಡಿಸಲಾಗಿದೆ. ಮಕ್ಕಳು ರಸ್ತೆಗೆ ಓಡಿಬರಬಹುದೆಂದು ಚಾಲಕರನ್ನು ಎಚ್ಚರಿಸುವ ಮರದ ಫಲಕಗಳು ಊರಿನಲ್ಲಿ ಕೆ-ಆನ್! ಪಾತ್ರಗಳ ರೂಪ ತಾಳಿವೆ. ನಿವಾಸಿಗಳು ಹೋರಾಡಿ ಉಳಿಸಿಕೊಂಡ ಕಟ್ಟಡಕ್ಕೆ ಹೀಗೆ ದೂರದೂರುಗಳಿಂದಲೂ ಅಭಿಮಾನಿಗಳು ದೊರೆತರು.

ಓಅರಾಯ್, ಇಬಾರಾಕಿ

ಪೆಸಿಫಿಕ್ ಕಡಲತೀರದ ಓಅರಾಯ್ 20 ಸಾವಿರಕ್ಕಿಂತ ಕಡಿಮೆ ಜನರಿರುವ ಪಟ್ಟಣ. 2011ರ ಮಾರ್ಚ್ 11ರ ಭೂಕಂಪದ ನಂತರ ಇಲ್ಲಿಗೆ ಸುಮಾರು 4 ಮೀಟರ್ ಎತ್ತರದ ಸುನಾಮಿ ಅಪ್ಪಳಿಸಿತು. ಸಮುದ್ರಸ್ನಾನ ಮತ್ತು ಮೀನಿನೂಟಕ್ಕಾಗಿ ಬರುತ್ತಿದ್ದ ಪ್ರವಾಸಿಗರು ದೂರವಾದರು. 2012ರ ಅಕ್ಟೋಬರ್‌ನಲ್ಲಿ ಆರಂಭವಾದ ಗರ್ಲ್ಸ್ ಉಂಡ್ ಪಾಂಜರ್ ಧಾರಾವಾಹಿಯು ಈ ಪಟ್ಟಣವನ್ನು ಅದರ ನಿಜವಾದ ಹೆಸರಿನಲ್ಲಿಯೇ ಚಿತ್ರಿಸಿತು. ಶಾಲಾ ಹುಡುಗಿಯರು ಟ್ಯಾಂಕ್ ಓಡಿಸುವುದನ್ನು ಕ್ರೀಡೆಯಾಗಿ ಅಭ್ಯಾಸ ಮಾಡುವ ಈ ಕಥೆಯ 4ನೆಯ ಕಂತಿನಲ್ಲಿ ಟ್ಯಾಂಕೊಂದು ಊರಿನ ಸಾಂಪ್ರದಾಯಿಕ ವಸತಿಗೃಹಕ್ಕೆ ನುಗ್ಗುತ್ತದೆ. ಆ ವಸತಿಗೃಹಕ್ಕೆ ಮಾದರಿಯಾದ ನೈಜ ವಸತಿಗೃಹವು ಅಭಿಮಾನಿಗಳ ಮುಖ್ಯ ತಾಣವಾಯಿತು.

ಅಂಗಡಿ ಬೀದಿಯ ವರ್ತಕರು ತಮ್ಮ ಅಂಗಡಿಗೆ ಒಂದರಂತೆ ಪಾತ್ರಗಳ ಆಳೆತ್ತರದ ಚಿತ್ರಫಲಕಗಳನ್ನು ನಿಲ್ಲಿಸಿಕೊಂಡರು. ಮೀನಂಗಡಿ, ಬಟ್ಟೆ ಅಂಗಡಿ, ಸಿಹಿತಿಂಡಿ ಅಂಗಡಿಗಳು ತಮ್ಮ ಪಾಲಿನ ಪಾತ್ರದ ಮನೆಯಂತಾದವು. ನವೆಂಬರ್‌ನಲ್ಲಿ ನಡೆಯುವ ಆಂಕೋ ಮೀನಿನ ಹಬ್ಬಕ್ಕೆ 2012ರಲ್ಲಿ ಸುಮಾರು 60 ಸಾವಿರ ಮತ್ತು 2013ರಲ್ಲಿ ಸುಮಾರು 1 ಲಕ್ಷ ಜನ ಬಂದರು. ಪದೇ ಪದೇ ಬಂದು ಅಂಗಡಿಯವರೊಂದಿಗೆ ಆತ್ಮೀಯತೆ ಬೆಳೆಸಿಕೊಂಡ ಕೆಲವರು ಕೊನೆಗೆ ಓಅರಾಯ್‌ಗೇ ಬಂದು ನೆಲೆಸಿದರು. ಧಾರಾವಾಹಿಯ ಪ್ರಸಾರ ಮುಗಿದು ಹಲವು ವರ್ಷಗಳ ನಂತರವೂ ಯಾತ್ರಿಕರು ಬರುತ್ತಿರುವುದಕ್ಕೆ ಮುಂದುವರಿದ ಚಲನಚಿತ್ರಗಳಷ್ಟೇ ಈ ಪರಿಚಯವೂ ಕಾರಣವಾಗಿದೆ.

ಯುವಾಕು ಓನ್ಸೆನ್, ಕನಝಾವಾ

2011ರ ಹನಾಸಾಕು ಇರೋಹಾ ಧಾರಾವಾಹಿಯು ಬಿಸಿನೀರಿನ ಬುಗ್ಗೆಗಳ ಊರಿನ ವಸತಿಗೃಹವೊಂದರಲ್ಲಿ ಕೆಲಸ ಮಾಡುವ ಹುಡುಗಿಯ ಕಥೆ. ಕನಝಾವಾ ನಗರದ ಹೊರವಲಯದ ಯುವಾಕು ಓನ್ಸೆನ್ ಇದಕ್ಕೆ ಮಾದರಿ. ಕಥೆಯಲ್ಲಿ ಬೋಂಬೊರಿ ಎಂಬ ಕಾಗದದ ದೀಪಗಳ ಹಬ್ಬವೊಂದಿದೆ. ಹತ್ತನೆಯ ತಿಂಗಳಲ್ಲಿ ದೇವತೆಗಳೆಲ್ಲ ಇಝುಮೊಗೆ ತೆರಳುವಾಗ ದಾರಿ ತಪ್ಪದಂತೆ ಪುಟ್ಟ ದೇವತೆಯೊಬ್ಬಳಿಗೆ ಬೆಳಕು ತೋರುವುದು ಅದರ ಆಶಯ. ಇದು ಸಂಪೂರ್ಣವಾಗಿ ಕಥೆಗಾರರ ಕಲ್ಪನೆ. ಆದರೆ 2011ರ ಅಕ್ಟೋಬರ್‌ನಲ್ಲಿ ಊರಿನವರು ಇದನ್ನು ನಿಜವಾಗಿ ಆಚರಿಸಿದರು. ಕೋರಿಕೆ ಬರೆದ ಚೀಟಿಗಳನ್ನು ದೀಪಗಳಿಗೆ ಕಟ್ಟಿ, ಕೊನೆಯಲ್ಲಿ ಅವನ್ನು ಅಗ್ನಿಗೆ ಅರ್ಪಿಸುವ ಈ ಆಚರಣೆಯು ನಂತರವೂ ಮುಂದುವರಿದು ಯುವಾಕುವಿನ ಶರತ್ಕಾಲದ ಹಬ್ಬವಾಗಿದೆ. ಕಥೆಯಿಂದ ಹುಟ್ಟಿದ ಸಂಪ್ರದಾಯಕ್ಕೆ ಇದು ಸ್ಪಷ್ಟ ಉದಾಹರಣೆ.

ಹಿದಾ ಮತ್ತು ಟೋಕಿಯೋ

ಕಿಮಿ ನೊ ನಾ ವಾ ಚಿತ್ರದಲ್ಲಿ ಬರುವ ಇತೊಮೊರಿ ಎಂಬ ಸರೋವರದ ಊರು ಕಲ್ಪಿತ. ಆದರೆ ನಾಯಕನು ಅದನ್ನು ಹುಡುಕುತ್ತಾ ಇಳಿಯುವ ನಿಲ್ದಾಣಕ್ಕೆ ಗಿಫು ಪ್ರಾಂತದ ಹಿದಾ ಫುರುಕಾವಾ ನಿಲ್ದಾಣ ಮಾದರಿ. ಅವನು ಹಳೆಯ ಪತ್ರಿಕೆಗಳನ್ನು ನೋಡುವ ಗ್ರಂಥಾಲಯವು ಹಿದಾ ನಗರ ಗ್ರಂಥಾಲಯವನ್ನು ಹೋಲುತ್ತದೆ. ಚಿತ್ರದ ಕೊನೆಯ ದೃಶ್ಯದ ಮೆಟ್ಟಿಲುಗಳು ಟೋಕಿಯೋದ ಯೋತ್ಸುಯಾ ಬಳಿಯ ಸುಗಾ ದೇಗುಲಕ್ಕೆ ಹೋಗುವ ದಾರಿಯಲ್ಲಿವೆ. ಮನೆಗಳ ನಡುವಿನ ಈ ಸಾಧಾರಣ ಮೆಟ್ಟಿಲುಸಾಲಿಗೆ ಇಂದು ಅನೇಕ ದೇಶಗಳಿಂದ ಜನ ಬರುತ್ತಾರೆ.

ಸ್ಥಳೀಯ ಆಡಳಿತ ಮತ್ತು ಉದ್ಯಮ

ಯುವಜನರ ವಲಸೆ, ವೃದ್ಧರ ಹೆಚ್ಚಳ ಮತ್ತು ಮುಚ್ಚುತ್ತಿರುವ ಅಂಗಡಿಗಳು ಜಪಾನಿನ ಅನೇಕ ಪಟ್ಟಣಗಳ ಸಮಸ್ಯೆ. ದೊಡ್ಡ ಕಟ್ಟಡ ಅಥವಾ ಮನರಂಜನಾ ಉದ್ಯಾನವಿಲ್ಲದೆ ಇರುವ ಬೀದಿಗೇ ಪ್ರವಾಸಿಗರು ಬರುವುದರಿಂದ ಸ್ಥಳೀಯ ಆಡಳಿತಗಳು ಅನಿಮೆಯತ್ತ ಆಸಕ್ತಿ ತೋರಿದವು. ಪಾತ್ರಗಳ ಚಿತ್ರ ಹೊದಿಸಿದ ರೈಲು ಮತ್ತು ಬಸ್ಸುಗಳು, ಸ್ಥಳಗಳ ನಕ್ಷೆಗಳು, ಒಂದೊಂದು ತಾಣದಲ್ಲಿ ಮುದ್ರೆ ಒತ್ತಿಸಿಕೊಳ್ಳುವ ಸ್ಪರ್ಧೆಗಳು ಸಾಮಾನ್ಯವಾಗಿವೆ.

ಅನಿಮೆ ಟೂರಿಸಂ ಅಸೋಸಿಯೇಷನ್ 2017ರಲ್ಲಿ ಅಭಿಮಾನಿಗಳ ಮತಗಳನ್ನು ಆಧರಿಸಿ 88 ಅನಿಮೆ ತಾಣಗಳ ಪಟ್ಟಿಯನ್ನು ಪ್ರಕಟಿಸಿತು. ಶಿಕೊಕು ದ್ವೀಪದ 88 ಬೌದ್ಧ ದೇವಾಲಯಗಳ ಯಾತ್ರೆಯನ್ನು ನೆನಪಿಸುವಂತೆ ಈ ಸಂಖ್ಯೆಯನ್ನು ಆರಿಸಲಾಯಿತು. ಗುಂಡಮ್ ಸರಣಿಯ ನಿರ್ದೇಶಕ ಯೊಶಿಯುಕಿ ತೊಮಿನೊ ಸಂಸ್ಥೆಯ ಅಧ್ಯಕ್ಷರಾದರು. ಅಭಿಮಾನಿಗಳು ತಾವೇ ಕಂಡುಕೊಂಡ ರೂಢಿಯನ್ನು ಸಂಸ್ಥೆಗಳು ಪಟ್ಟಿ ಮಾಡುವುದರ ಬಗ್ಗೆ ಭಿನ್ನಾಭಿಪ್ರಾಯಗಳೂ ಇವೆ. ಆಡಳಿತ ಮತ್ತು ನಿರ್ಮಾಪಕರು ಮೊದಲೇ ಯೋಜಿಸಿದ ‘ಪುಣ್ಯಕ್ಷೇತ್ರ’ಗಳು ಅಭಿಮಾನಿಗಳನ್ನು ಸೆಳೆಯುತ್ತವೆಂಬ ಖಾತರಿಯಿಲ್ಲ. ಧಾರಾವಾಹಿಯು ಜನಪ್ರಿಯವಾಗದಿದ್ದರೆ ಮಾಡಿದ ವೆಚ್ಚ ವ್ಯರ್ಥವಾಗುತ್ತದೆ. ಅನೇಕ ಧಾರಾವಾಹಿಗಳ ಪ್ರಸಾರ ಮೂರು ತಿಂಗಳಲ್ಲಿ ಮುಗಿದು, ಅಭಿಮಾನಿಗಳ ಗಮನ ಮುಂದಿನ ಕೃತಿಯತ್ತ ಹೊರಳುತ್ತದೆ. ಯಾತ್ರಿಕರನ್ನು ದೀರ್ಘಕಾಲ ಉಳಿಸಿಕೊಂಡ ಊರುಗಳಲ್ಲಿ ನಿವಾಸಿಗಳ ಸ್ವಂತ ಆಸಕ್ತಿಯೂ ಬಂದವರೊಂದಿಗಿನ ಒಡನಾಟವೂ ಮುಖ್ಯ ಪಾತ್ರ ವಹಿಸಿವೆ.

ಸಮಸ್ಯೆಗಳು ಮತ್ತು ಶಿಷ್ಟಾಚಾರ

ಅನಿಮೆ ತಾಣಗಳು ಬಹುತೇಕ ಜನ ವಾಸಿಸುವ ಜಾಗಗಳಾದ್ದರಿಂದ ಯಾತ್ರೆಯು ನಿವಾಸಿಗಳಿಗೆ ತೊಂದರೆಯಾಗುವ ಸಾಧ್ಯತೆ ಯಾವಾಗಲೂ ಇದೆ. ಕನಾಗಾವಾ ಪ್ರಾಂತದ ಕಾಮಾಕುರಾ ಹೈಸ್ಕೂಲ್ ನಿಲ್ದಾಣದ ಬಳಿಯ ರೈಲ್ವೆ ಗೇಟು ಇದಕ್ಕೆ ಪ್ರಸಿದ್ಧ ಉದಾಹರಣೆ. 1993ರಿಂದ 1996ರವರೆಗೆ ಪ್ರಸಾರವಾದ ಸ್ಲ್ಯಾಮ್ ಡಂಕ್ ಧಾರಾವಾಹಿಯ ಆರಂಭಿಕ ದೃಶ್ಯಾವಳಿಯಲ್ಲಿ ಸಮುದ್ರದ ಹಿನ್ನೆಲೆಯಲ್ಲಿ ರೈಲು ಹಾದುಹೋಗುವ ಈ ಗೇಟು ಕಾಣಿಸುತ್ತದೆ. ಏಷ್ಯಾದ ಅನೇಕ ದೇಶಗಳಲ್ಲಿ ಧಾರಾವಾಹಿ ಜನಪ್ರಿಯವಾಗಿದ್ದರಿಂದ ವಿದೇಶಿ ಪ್ರವಾಸಿಗರ ಗುಂಪು ಇಲ್ಲಿ ಸದಾ ಇರುತ್ತದೆ. 2022ರ ಡಿಸೆಂಬರ್‌ನಲ್ಲಿ ದಿ ಫಸ್ಟ್ ಸ್ಲ್ಯಾಮ್ ಡಂಕ್ ಚಲನಚಿತ್ರ ಬಿಡುಗಡೆಯಾದ ಮೇಲೆ ದಟ್ಟಣೆ ಮತ್ತಷ್ಟು ಹೆಚ್ಚಿತು. ಛಾಯಾಚಿತ್ರಕ್ಕಾಗಿ ರಸ್ತೆಯ ನಡುವೆ ನಿಲ್ಲುವುದು, ಕಸ ಎಸೆಯುವುದು, ಖಾಸಗಿ ಜಾಗ ಪ್ರವೇಶಿಸುವುದು ಮುಂತಾದ ದೂರುಗಳ ಕಾರಣ ಜನರನ್ನು ನಿಯಂತ್ರಿಸಲು ಕಾವಲುಗಾರರನ್ನು ನೇಮಿಸಬೇಕಾಯಿತು.

ಮಾದರಿಯಾದದ್ದು ನಡೆಯುತ್ತಿರುವ ಶಾಲೆಯಾದರೆ ಸಮಸ್ಯೆ ಇನ್ನೂ ಸೂಕ್ಷ್ಮ. ವಿದ್ಯಾರ್ಥಿಗಳಿರುವ ಆವರಣದತ್ತ ಅಪರಿಚಿತರು ಕ್ಯಾಮೆರಾ ಹಿಡಿಯುವುದು ಪೋಷಕರ ಆತಂಕಕ್ಕೆ ಕಾರಣವಾಗುತ್ತದೆ. ಈ ಹಿನ್ನೆಲೆಯಲ್ಲಿ ಅಭಿಮಾನಿಗಳ ನಡುವೆಯೇ ಕೆಲವು ಅಲಿಖಿತ ನಿಯಮಗಳು ರೂಪುಗೊಂಡಿವೆ:

- ಖಾಸಗಿ ಮನೆಗಳನ್ನು ಗುರುತಿಸಿದರೂ ಅವುಗಳ ವಿಳಾಸವನ್ನು ಪ್ರಕಟಿಸದಿರುವುದು.
- ಶಾಲೆಗಳ ಆವರಣವನ್ನು ಅನುಮತಿಯಿಲ್ಲದೆ ಪ್ರವೇಶಿಸದಿರುವುದು, ವಿದ್ಯಾರ್ಥಿಗಳ ಚಿತ್ರ ತೆಗೆಯದಿರುವುದು.
- ದೇಗುಲಗಳಲ್ಲಿ ಮೊದಲು ಪ್ರಾರ್ಥನೆ, ನಂತರ ಛಾಯಾಚಿತ್ರ.
- ರಸ್ತೆ ಮತ್ತು ರೈಲು ಹಳಿಗಳ ಮೇಲೆ ನಿಲ್ಲದಿರುವುದು.
- ಸ್ಥಳೀಯ ಅಂಗಡಿಗಳಲ್ಲಿ ಏನನ್ನಾದರೂ ಕೊಳ್ಳುವುದು ಅಥವಾ ಊಟ ಮಾಡುವುದು.

ತಪ್ಪು ಗುರುತುಗಳು

ಹೋಲಿಕೆಯನ್ನೇ ಪುರಾವೆಯೆಂದು ಭಾವಿಸುವುದರಿಂದ ಕೆಲವು ತಪ್ಪು ಗುರುತುಗಳೂ ಪ್ರಚಾರಕ್ಕೆ ಬಂದಿವೆ. ತೈವಾನಿನ ಜಿಯುಫೆನ್ ಎಂಬ ಬೆಟ್ಟದ ಊರು ಮಿಯಾಝಾಕಿ ಅವರ 2001ರ ಸ್ಪಿರಿಟೆಡ್ ಅವೇ ಚಿತ್ರಕ್ಕೆ ಮಾದರಿಯೆಂಬ ನಂಬಿಕೆ ವ್ಯಾಪಕವಾಗಿದೆ. ಮಿಯಾಝಾಕಿ ಇದನ್ನು ನಿರಾಕರಿಸಿದ್ದಾರೆ. ಆದರೂ ಕೆಂಪು ದೀಪಗಳ ಆ ಮೆಟ್ಟಿಲುಬೀದಿಗೆ ಚಿತ್ರದ ಅಭಿಮಾನಿಗಳು ಬರುತ್ತಲೇ ಇದ್ದಾರೆ. ಚಿತ್ರಕ್ಕೆ ಸ್ಫೂರ್ತಿಯಾದ ಸ್ಥಳಗಳಲ್ಲಿ ಟೋಕಿಯೋದ ಎಡೋ-ಟೋಕಿಯೋ ಬಯಲು ವಾಸ್ತುಶಿಲ್ಪ ವಸ್ತುಸಂಗ್ರಹಾಲಯವೂ ಒಂದು. ಹಲವು ಕೃತಿಗಳಲ್ಲಿ ಒಂದೇ ಊರಿಗೆ ಬೇರೆ ಬೇರೆ ಪ್ರಾಂತಗಳ ದೃಶ್ಯಗಳನ್ನು ಜೋಡಿಸಿರುವುದರಿಂದ ‘ನಿಜವಾದ ಸ್ಥಳ’ ಯಾವುದೆಂಬ ಪ್ರಶ್ನೆಗೆ ಒಂದೇ ಉತ್ತರ ಇರಬೇಕೆಂದೇನೂ ಇಲ್ಲ.

ಜಪಾನಿನ ಹೊರಗಿನ ತಾಣಗಳು

ಹೈಡಿ ಧಾರಾವಾಹಿಯ ಕಾರಣ ಸ್ವಿಟ್ಜರ್ಲೆಂಡಿನ ಮೈಯೆನ್‌ಫೆಲ್ಡ್ ಪ್ರದೇಶಕ್ಕೆ ಜಪಾನಿ ಪ್ರವಾಸಿಗರು ಬರುತ್ತಾರೆ. 1989ರ ಕಿಕೀಸ್ ಡೆಲಿವರಿ ಸರ್ವಿಸ್ ಚಿತ್ರದ ನಗರವನ್ನು ರೂಪಿಸುವಾಗ ಸ್ವೀಡನ್ನಿನ ಸ್ಟಾಕ್‌ಹೋಮ್ ಮತ್ತು ವಿಸ್ಬಿ ನಗರಗಳ ದೃಶ್ಯಗಳನ್ನು ಬಳಸಿಕೊಳ್ಳಲಾಗಿತ್ತು. ಫ್ರಾನ್ಸಿನ ಕೋಲ್ಮಾರ್ ನಗರದ ಮರದ ಚೌಕಟ್ಟಿನ ಮನೆಗಳು 2014ರ ಈಸ್ ದಿ ಆರ್ಡರ್ ಎ ರ‍್ಯಾಬಿಟ್? ಧಾರಾವಾಹಿಯ ಅಭಿಮಾನಿಗಳಿಗೆ ಪರಿಚಿತ.

ಇತರ ಕೆಲವು ತಾಣಗಳು

- ಚಿಚಿಬು, ಸೈತಾಮಾ: ಅನೊಹಾನಾ (2011). ಹಳೆಯ ಚಿಚಿಬು ಸೇತುವೆ ಮುಖ್ಯ ಆಕರ್ಷಣೆ.
- ತಾಕಾಯಾಮಾ, ಗಿಫು: ಹ್ಯೋಕಾ (2012).
- ಇವಾಮಿ, ತೊತ್ತೊರಿ: ಫ್ರೀ! (2013).
- ಉಜಿ, ಕ್ಯೋಟೋ: ಸೌಂಡ್! ಯುಫೋನಿಯಂ (2015).
- ನುಮಾಝು, ಶಿಝುಒಕಾ: ಲವ್ ಲೈವ್! ಸನ್‌ಶೈನ್!! (2016).
- ಮಿನೊಬು, ಯಾಮಾನಾಶಿ: ಯುರು ಕ್ಯಾಂಪ್ (2018). ಮುಚ್ಚಿಹೋದ ಶಾಲೆಯ ಕಟ್ಟಡ ಕಥೆಯ ಪ್ರೌಢಶಾಲೆಗೆ ಮಾದರಿ.
- ಸಾಯಾಮಾ ಗುಡ್ಡಗಳು, ಟೋಕಿಯೋ ಮತ್ತು ಸೈತಾಮಾ: ಮೈ ನೈಬರ್ ಟೊಟೊರೊ (1988). ಜನರ ದೇಣಿಗೆಯಿಂದ ಕಾಡಿನ ಭಾಗಗಳನ್ನು ಕೊಂಡು ಸಂರಕ್ಷಿಸಲಾಗುತ್ತಿದೆ.